ಪ್ರಮಾಣಪತ್ರದ ಗಡಿ ಎಲ್ಲಿಯವರೆಗೆ?

2019ರ ಜುಲೈ 17ರಂದು ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಗೆ ಹೊರಗಿನವರೊಬ್ಬರಿಂದ ಒಂದು ಇಮೇಲ್ ಬಂತು. ನಿಮ್ಮ ದತ್ತಾಂಶ ಸೋರಿದಂತಿದೆ, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಅದರ ಕುರುಹಿದೆ ಎಂಬುದು ಅದರ ಸಾರಾಂಶ. ಬ್ಯಾಂಕಿನವರು ಹುಡುಕಿ ನೋಡುವ ವೇಳೆಗೆ ಕಳವು ನಡೆದು ಸುಮಾರು ನಾಲ್ಕು ತಿಂಗಳಾಗಿತ್ತು. ಅಮೆರಿಕ ಮತ್ತು ಕೆನಡಾದ ಸುಮಾರು 10.6 ಕೋಟಿ ಜನರ ವಿವರಗಳು ಹೊರಗೆ ಹೋಗಿದ್ದವು. ಅವುಗಳಲ್ಲಿ ಹೆಚ್ಚಿನವು 2005ರಿಂದೀಚೆಗೆ ಕ್ರೆಡಿಟ್ ಕಾರ್ಡಿಗೆಂದು ಅರ್ಜಿ ಹಾಕಿದವರದ್ದು.

ಈ ದತ್ತಾಂಶವೆಲ್ಲ ಇದ್ದದ್ದು ಅಮೆಜಾನ್‌ನ ಕ್ಲೌಡ್‌ನಲ್ಲಿ. ಆ ಕ್ಲೌಡ್ 2010ರಲ್ಲೇ ಮಾಹಿತಿ ಭದ್ರತೆಯ ಐಎಸ್ಒ 27001 ಪ್ರಮಾಣಪತ್ರ ಪಡೆದಿತ್ತು. ಕಾರ್ಡ್ ಪಾವತಿಗೆ ಸಂಬಂಧಿಸಿದ ಪಿಸಿಐ ಡಿಎಸ್ಎಸ್ ಮಾನ್ಯತೆಯೂ ಅದೇ ವರ್ಷ ಬಂದಿತ್ತು. ಪತ್ರಗಳು ನಕಲಿಯಲ್ಲ, ಅವಧಿಯೂ ಮುಗಿದಿರಲಿಲ್ಲ. ಆದರೂ ದತ್ತಾಂಶ ಹೋಯಿತು.

ನಡೆದದ್ದು ಇಷ್ಟು. ಬ್ಯಾಂಕು ತನ್ನ ಜಾಲತಾಣದ ಮುಂದೆ ಕಾವಲಿಗಿಟ್ಟಿದ್ದ ಫೈರ್‌ವಾಲ್‌ನ ಹೊಂದಿಕೆ ತಪ್ಪಿತ್ತು. ಹೊರಗಿನಿಂದ ಬಂದ ಕೋರಿಕೆಯನ್ನು ಅದು ಒಳಗಿನದೆಂಬಂತೆ ಮುಂದಕ್ಕೆ ದಾಟಿಸುತ್ತಿತ್ತು. ಕ್ಲೌಡ್‌ನ ಪ್ರತಿಯೊಂದು ಸರ್ವರ್‌ಗೂ ತನ್ನ ಬಗ್ಗೆ ತಾನೇ ವಿಚಾರಿಸಿಕೊಳ್ಳಲು ಒಂದು ಒಳವಿಳಾಸವಿರುತ್ತದೆ. ತಾತ್ಕಾಲಿಕ ಪ್ರವೇಶ ಕೀಲಿಗಳು ಸಿಗುವುದೂ ಅಲ್ಲೇ. ದಾಳಿಕೋರರು ಫೈರ್‌ವಾಲ್‌ನ ಬಾಯಿಂದಲೇ ಆ ವಿಳಾಸಕ್ಕೆ ಪ್ರಶ್ನೆ ಹಾಕಿಸಿ ಕೀಲಿ ಪಡೆದರು. ಒಂದು ಫೈರ್‌ವಾಲ್‌ಗೆ ಬೇಕಿಲ್ಲದಷ್ಟು ಅಧಿಕಾರ ಆ ಕೀಲಿಗಿತ್ತು: ಸಂಗ್ರಹದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಬಹುದಿತ್ತು, ತೆರೆದು ಓದಬಹುದಿತ್ತು. ದತ್ತಾಂಶ ಕೇಂದ್ರದ ಗೋಡೆ, ಬಾಗಿಲು, ಯಂತ್ರ, ಯಾವುದಕ್ಕೂ ಏನೂ ಆಗಿರಲಿಲ್ಲ.

ಬ್ಯಾಂಕ್ ಲಾಕರ್ ಇಟ್ಟವರಿಗೆ ಇದು ತಿಳಿದದ್ದೇ. ಕೋಣೆಯ ಭದ್ರತೆ ಬ್ಯಾಂಕಿನದು. ಕೀಲಿಯನ್ನು ಎಲ್ಲೋ ಬಿಟ್ಟು ಬಂದರೆ ಹೊಣೆ ನಮ್ಮದು. ಕ್ಲೌಡ್ ಉದ್ಯಮದಲ್ಲಿ ಇದನ್ನು ಹಂಚಿಕೆಯ ಹೊಣೆಗಾರಿಕೆ ಎನ್ನುತ್ತಾರೆ. ಕಟ್ಟಡ, ವಿದ್ಯುತ್, ಯಂತ್ರ ಮತ್ತು ಅವುಗಳ ಮೇಲಿನ ಮೂಲ ತಂತ್ರಾಂಶ ಒದಗಿಸುವವರ ಪಾಲಿಗೆ. ಯಾರಿಗೆ ಎಷ್ಟು ಪ್ರವೇಶ, ಯಾವುದನ್ನು ತೆರೆದಿಡಬೇಕು ಎಂಬುದು ಬಳಸುವವರ ಪಾಲಿಗೆ. ಒದಗಿಸುವವರ ಪ್ರಮಾಣಪತ್ರ ಮೊದಲ ಪಾಲಿನ ಗಡಿ ದಾಟುವುದಿಲ್ಲ. ಅಮೆಜಾನ್ 2019ರ ನವೆಂಬರ್‌ನಲ್ಲಿ ಆ ಒಳವಿಳಾಸಕ್ಕೆ ಇನ್ನಷ್ಟು ಬಿಗಿಯಾದ ಎರಡನೇ ಆವೃತ್ತಿ ತಂದಿತು ಎಂಬುದನ್ನೂ ಇಲ್ಲಿ ಹೇಳಬೇಕು. ಹೊಣೆಯ ಗೆರೆ ಕಾಗದದ ಮೇಲೆ ಕಂಡಷ್ಟು ನೇರವಾಗಿರುವುದಿಲ್ಲ.

ಐಎಸ್ಒ 27001 ಏನನ್ನು ಪ್ರಮಾಣೀಕರಿಸುತ್ತದೆ ಎಂಬುದರಲ್ಲೇ ಅರ್ಧ ಗೊಂದಲವಿದೆ. ಅದು ಯಾವುದೇ ತಂತ್ರಾಂಶ ಅಭೇದ್ಯವೆಂದು ಹೇಳುವುದಿಲ್ಲ. ಸಂಸ್ಥೆಯೊಂದು ತನ್ನ ಅಪಾಯಗಳನ್ನು ಗುರುತಿಸಿ, ಅವಕ್ಕೆ ತಕ್ಕ ನಿಯಂತ್ರಣಗಳನ್ನು ಆಯ್ದು, ಕಾಲಕಾಲಕ್ಕೆ ಮರುಪರಿಶೀಲಿಸುವ ವ್ಯವಸ್ಥೆ ಇಟ್ಟುಕೊಂಡಿದೆ ಎಂದಷ್ಟೇ ಹೇಳುತ್ತದೆ. 2022ರ ಆವೃತ್ತಿಯ ಅನುಬಂಧದಲ್ಲಿ 93 ನಿಯಂತ್ರಣಗಳಿವೆ. ಕೆಲವನ್ನು ಕಾರಣ ಕೊಟ್ಟು ಕೈಬಿಡಲು ಅವಕಾಶವಿದೆ. ವ್ಯಾಪ್ತಿಯನ್ನೂ ಸಂಸ್ಥೆಯೇ ನಿಗದಿ ಮಾಡಿಕೊಳ್ಳುತ್ತದೆ. ಒಂದು ಕಚೇರಿಗೋ ಒಂದು ಸೇವೆಗೋ ಪಡೆದ ಪತ್ರವನ್ನು ಇಡೀ ಕಂಪನಿಯ ಹಣೆಗೆ ಅಂಟಿಸಿಕೊಂಡು ಓಡಾಡಿದರೆ ಕೇಳುವವರು ಕಡಿಮೆ. ಪತ್ರದಲ್ಲಿ ನಾನು ಮೊದಲು ನೋಡುವ ಸಾಲು ವ್ಯಾಪ್ತಿಯದ್ದೇ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೆಚ್ಚು ಕೇಳಿಬರುವ ಇನ್ನೊಂದು ಹೆಸರು ಸಾಕ್ 2. ಅಮೆರಿಕದ ಗ್ರಾಹಕರು ಒಪ್ಪಂದಕ್ಕೆ ಮುಂಚೆ ಕೇಳುವುದು ಇದನ್ನೇ. ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆ ರೂಪಿಸಿದ ಇದು ಪ್ರಮಾಣಪತ್ರವೇ ಅಲ್ಲ, ಪರಿಶೋಧಕರು ಅಭಿಪ್ರಾಯ ಕೊಟ್ಟು ಬರೆದ ವರದಿ. ಟೈಪ್ 1 ವರದಿ ಒಂದು ನಿರ್ದಿಷ್ಟ ದಿನದಂದು ನಿಯಂತ್ರಣಗಳ ವಿನ್ಯಾಸ ಸರಿಯಿತ್ತೇ ಎಂದು ಹೇಳುತ್ತದೆ. ಟೈಪ್ 2 ಹಲವು ತಿಂಗಳ ಅವಧಿಯಲ್ಲಿ ಅವು ನಿಜಕ್ಕೂ ನಡೆದವೇ ಎಂದು ಮಾದರಿ ತೆಗೆದು ಪರೀಕ್ಷಿಸುತ್ತದೆ. ತಪ್ಪಿದ್ದನ್ನು ಹೆಸರಿಟ್ಟು ಬರೆಯುತ್ತದೆ. ಎರಡರ ನಡುವೆ ಆಯ್ಕೆ ಇದ್ದರೆ ತೂಕವಿರುವುದು ಟೈಪ್ 2ಕ್ಕೆ.

ಈ ವರದಿಗಳಲ್ಲಿ ಯಾರೂ ಓದದ ಎರಡು ಭಾಗಗಳಿವೆ. ಒಂದು, ಗ್ರಾಹಕರೇ ಮಾಡಬೇಕಾದ ನಿಯಂತ್ರಣಗಳ ಪಟ್ಟಿ. ಕೆಲಸ ಬಿಟ್ಟವರ ಖಾತೆ ಮುಚ್ಚುವುದು, ಪ್ರವೇಶದ ಹಕ್ಕುಗಳನ್ನು ಆಗಾಗ ಪರಿಶೀಲಿಸುವುದು ಇತ್ಯಾದಿ. ಇವನ್ನು ನೀವು ಮಾಡುತ್ತೀರಿ ಎಂಬ ಷರತ್ತಿನ ಮೇಲೆಯೇ ಪರಿಶೋಧಕರ ಅಭಿಪ್ರಾಯ ನಿಂತಿರುತ್ತದೆ. ಇನ್ನೊಂದು, ಪರಿಶೀಲನೆಯಿಂದ ಹೊರಗಿಟ್ಟ ಉಪಗುತ್ತಿಗೆದಾರರ ವಿವರ. ಚಿಕ್ಕ ಕಂಪನಿಯ ವರದಿಯಲ್ಲಿ ಅದರ ಕ್ಲೌಡ್ ಪೂರೈಕೆದಾರರು ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ತಾವು ಬಾಡಿಗೆಗೆ ಪಡೆದ ಕ್ಲೌಡ್‌ನ ಐಎಸ್ಒ ಮುದ್ರೆಯನ್ನೇ ತಮ್ಮದೆಂಬಂತೆ ತೋರಿಸುವವರೂ ಇದ್ದಾರೆ.

ಹಾಗೆಂದು ಪತ್ರಗಳು ವ್ಯರ್ಥವೆನ್ನಲಾಗದು. ಸಾವಿರಾರು ಗ್ರಾಹಕರು ಒಬ್ಬೊಬ್ಬರಾಗಿ ದತ್ತಾಂಶ ಕೇಂದ್ರದೊಳಗೆ ಹೊಕ್ಕು ನೋಡಲಾರರು. ಎಲ್ಲರ ಪರವಾಗಿ ಸ್ವತಂತ್ರರೊಬ್ಬರು ನೋಡಿ ಬರುವುದೇ ಜಾಣತನ. ಭಾರತದಲ್ಲಿ ಸರ್ಕಾರಿ ಇಲಾಖೆಗಳಿಗೆ ಕ್ಲೌಡ್ ಒದಗಿಸುವವರು ಎಸ್‌ಟಿಕ್ಯೂಸಿ ಎಂಬ ಸರ್ಕಾರಿ ಗುಣಮಟ್ಟ ಸಂಸ್ಥೆಯ ಪರಿಶೋಧನೆಗೆ ಒಳಪಡುವುದೂ ಇದೇ ಕಾರಣಕ್ಕೆ. ಆದರೆ ಬಳಸುವವರ ಪಾಲಿನ ಉಳಿದರ್ಧವನ್ನು ಯಾವ ಮುದ್ರೆಯೂ ಹೊರುವುದಿಲ್ಲ.

ಕ್ಯಾಪಿಟಲ್ ಒನ್‌ಗೆ ಅಮೆರಿಕದ ಬ್ಯಾಂಕಿಂಗ್ ನಿಯಂತ್ರಕರು 2020ರ ಆಗಸ್ಟ್‌ನಲ್ಲಿ 8 ಕೋಟಿ ಡಾಲರ್ ದಂಡ ಹಾಕಿದಾಗ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು, ಸಾರ್ವಜನಿಕ ಕ್ಲೌಡ್‌ಗೆ ಹೋಗುವ ಮುನ್ನ ಬ್ಯಾಂಕು ಅಪಾಯಗಳನ್ನು ಸರಿಯಾಗಿ ಅಳೆದಿರಲಿಲ್ಲ ಎಂಬುದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೇ ದಾರಿ ಹಿಡಿದಿದೆ. ಸಂಸ್ಕರಣೆಯನ್ನು ಬೇರೆಯವರಿಗೆ ವಹಿಸಿದ್ದರೂ ಹೊಣೆ ಮಾಹಿತಿ ಸಂಗ್ರಹಿಸಿದ ಸಂಸ್ಥೆಯದ್ದೇ. ತಕ್ಕ ಭದ್ರತೆ ಇಡದೆ ಸೋರಿಕೆಯಾದರೆ ಆ ಸಂಸ್ಥೆ ತೆರಬೇಕಾದ ದಂಡ 250 ಕೋಟಿ ರೂಪಾಯಿಗಳವರೆಗೆ ಹೋಗಬಹುದು.