ಹಿಂಬದಿಯೇ ಇಲ್ಲದ ಸೀರೆ!

ಒಂದು ಸೀರೆ ಇದೆ. ಅದಕ್ಕೆ ಹಿಂಬದಿಯೇ ಇಲ್ಲ!

ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ. ಮಡಿಕೆ ಬಿಚ್ಚಿದೆ. ಮಗುಚಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ಈ ಕಡೆ ಚೌಕುಳಿ, ಆ ಕಡೆಯೂ ಅದೇ ಚೌಕುಳಿ! ಈ ಕಡೆ ಅಂಚು ಎಷ್ಟು ಢಾಳವೋ ಆ ಕಡೆಯೂ ಅಷ್ಟೇ ಢಾಳ! ಯಾವ ಮಗ್ಗುಲಾದರೂ ಹೊರಗೆ ಬರಲಿ, ಸೀರೆ ಉಲ್ಟಾ ಆಯಿತೆಂದು ಯಾರೂ ಕಿವಿಯಲ್ಲಿ ಪಿಸುಗುಡುವಂತಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ನೆರಿಗೆ ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಉಂಟೇ!

ಎಲ್ಲಿಯದು, ಊಹಿಸಿ ನೋಡೋಣ. ಪ್ಯಾರಿಸ್? ಮಿಲಾನ್?

ಗದಗ ಜಿಲ್ಲೆಯ ಗಜೇಂದ್ರಗಡ!

ಹೆಸರು ಪಟ್ಟೇದ ಅಂಚು. ಮೈಮುರಿದು ದುಡಿಯುವ ಹೆಂಗಸರು ಉಡುತ್ತಿದ್ದ ದಪ್ಪ ನೂಲಿನ ಸೀರೆ. ಸವದತ್ತಿ ಯಲ್ಲಮ್ಮನಿಗೆ ಏರಿಸುತ್ತಿದ್ದ ಸೀರೆ. ಇಂಥದ್ದು ಸದ್ದಿಲ್ಲದೆ ಮಗ್ಗದಿಂದ ಇಳಿದುಹೋಗಿತ್ತು. ಅದರ ಜಾಡು ಹಿಡಿದು ಹೊರಟವರು ಜವಳಿ ವಿನ್ಯಾಸಕಿ ಹೇಮಲತಾ ಜೈನ್. ಹಳೆಯ ಸೀರೆ ಹುಡುಕಿದರು. ನೇಕಾರರನ್ನು ಹುಡುಕಿದರು. ಮತ್ತೆ ನೇಯಿಸಿದರು! ತಮ್ಮ ಕೆಲಸಕ್ಕೆ ಅವರು ಇಟ್ಟ ಹೆಸರು ‘ಪುನರ್ಜೀವನ’. ಇದಕ್ಕಿಂತ ಒಪ್ಪುವ ಹೆಸರು ನನಗಂತೂ ಹೊಳೆಯದು.

ಹಿಂಬದಿ ಇಲ್ಲದ್ದರ ಗುಟ್ಟೇನು? ಬಣ್ಣ ಹಾಕುವುದು ಬಟ್ಟೆಗಲ್ಲ, ನೂಲಿಗೆ! ಉದ್ದಕ್ಕೆ ಬಣ್ಣದ ಹಾಸು, ಅಡ್ಡಕ್ಕೆ ಬಣ್ಣದ ಹೊಕ್ಕು. ಒಂದರ ಮೇಲೊಂದು ಹಾಯ್ದಲ್ಲಿ ಚೌಕುಳಿ ತಾನಾಗಿ ಮೂಡುತ್ತದೆ. ಎರಡೂ ಮೈಗೆ ಒಂದೇ ಸಲಕ್ಕೆ. ಅಷ್ಟೇ!

ಇದು ಸುಲಭದ್ದಾಯಿತು. ಈಗ ಕಷ್ಟದ್ದು ಕೊಡುತ್ತೇನೆ, ಬನ್ನಿ ಇಳಕಲ್ಲಿಗೆ.

ಇಳಕಲ್ ಸೀರೆ ಗೊತ್ತಲ್ಲ? ಗೊತ್ತು ಅಂದುಕೊಂಡಿದ್ದೀರಿ! ಒಂದನ್ನು ಎತ್ತಿ ತೊಡೆಯ ಮೇಲೆ ಹಾಸಿಕೊಳ್ಳಿ. ಒಡಲು ಗಿಳಿಹಸಿರು ಎನ್ನೋಣ, ನೂಲು ಹತ್ತಿ. ಬೆರಳಾಡಿಸುತ್ತಾ ಸೆರಗಿನತ್ತ ಬನ್ನಿ. ನಿಲ್ಲಿ! ಇಲ್ಲಿಂದಾಚೆ ಅಚ್ಚ ಕೆಂಪು. ಅದೂ ರೇಷ್ಮೆ. ಗೆರೆ ಎಳೆದಂತೆ ಹಸಿರು ಮುಗಿದು ಕೆಂಪು ಶುರು!

ಹೊಕ್ಕು ಬದಲಿಸಿದರೆ ಹೀಗಾಗುತ್ತದೆ ಎನ್ನುತ್ತೀರಾ? ಆಗದು. ಒಡಲಿನ ಹಸಿರು ಹಾಸು ಸೆರಗಿನುದ್ದಕ್ಕೂ ಓಡಿದ್ದರೆ ಕೆಂಪಿನಲ್ಲಿ ಹಸಿರು ಇಣುಕಬೇಕಿತ್ತು. ಒಂದೆಳೆಯೂ ಇಣುಕುತ್ತಿಲ್ಲ! ಹಾಗಾದರೆ ಹೊಲಿದಿದ್ದಾರೆಯೇ? ಹೊಲಿಗೆ ಎಲ್ಲಿ, ತೋರಿಸಿ. ನಾನು ಕನ್ನಡಕ ಏರಿಸಿಕೊಂಡು ಅರ್ಧ ಗಂಟೆ ಹುಡುಕಿ ಸೋತವನು.

ಸೋತಿರಾ? ಹೇಳುತ್ತೇನೆ.

ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು. ಎರಡೂ ಬೇರೆ ಬೇರೆ! ಹತ್ತಿಯ ಎಳೆಯ ಕುಣಿಕೆಗೆ ರೇಷ್ಮೆಯ ಎಳೆಯ ಕುಣಿಕೆ ತೂರಿಸಿ, ಸರಪಳಿಯ ಎರಡು ಕೊಂಡಿ ಒಂದನ್ನೊಂದು ಹಿಡಿದುಕೊಳ್ಳುವಂತೆ ಸೇರಿಸುತ್ತಾರೆ. ಹೆಸರೂ ಅದೇ, ಕೊಂಡಿ! ಮಗ್ಗದ ಮೇಲೆ ಕೂತು. ಕೈಯಲ್ಲಿ. ಎಳೆಗೆ ಎಳೆ.

ಎಷ್ಟು ಎಳೆ? ನೀವೇ ಲೆಕ್ಕ ಹಾಕಿ. ಸೀರೆಯ ಅಗಲ 48 ಅಂಗುಲ ಅನ್ನಿ. ಅಂಗುಲಕ್ಕೆ 60 ಎಳೆಯೆಂದೇ ಹಿಡಿಯಿರಿ.

2,880!

ತಡೆಯಿರಿ, ಬೆರಗಿನ ಸಂಗತಿ ಇನ್ನೂ ಬಂದಿಲ್ಲ. ಬೇರೆ ಮಗ್ಗಗಳಲ್ಲಿ ಒಮ್ಮೆ ಉದ್ದ ಹಾಸು ಹೂಡಿದರೆ ಸಾಲಾಗಿ ಸೀರೆ ನೇಯ್ದು ಕತ್ತರಿಸುತ್ತಾ ಹೋಗಬಹುದು. ಇಲ್ಲಿ? ಕೊಂಡಿ ಹಾಕಿದ ಹಾಸು ಒಂದೇ ಸೀರೆಗೆ! ಒಂದು ಸೀರೆ ಇಳಿಯಿತೋ, ಮತ್ತೆ ಎಳೆ ಎಣಿಸು, ಮತ್ತೆ ಕುಣಿಕೆ ತೂರಿಸು. ಆರು ಗಜವೋ ಒಂಬತ್ತು ಗಜವೋ, ಹಾಸು ಹೂಡುವ ಮೊದಲೇ ಮನಸ್ಸು ಗಟ್ಟಿಮಾಡಿಕೊಂಡಿರಬೇಕು. ಅಂಗಡಿಯಲ್ಲಿ ನಾವು ಬೆಲೆ ಇಳಿಸಿ ಎಂದು ಜಗ್ಗಾಡುವುದು ಈ ಬೆರಳುಗಳ ಜೊತೆ!

ಸೆರಗನ್ನು ಇನ್ನೂ ಹತ್ತಿರದಿಂದ ನೋಡಿ. ಕೆಂಪಿನ ನಡುವೆ ಬರುವ ಬಿಳಿ ಪಟ್ಟಿ ಕೆಂಪನ್ನು ಸಂಧಿಸುವ ಕಡೆ ಒಂದು ಹಲ್ಲುಸಾಲು ಇದೆಯಲ್ಲ, ಏನದು? ಗುಡಿಯ ಗೋಪುರ ಎನ್ನುವವರುಂಟು. ನೇಯುವವರ ಬಾಯಲ್ಲಿ ಅದು ಟೋಪ್ ತೆನಿ. ತೆನಿ ಅಂದರೆ ತೆನೆ, ನಮ್ಮ ಜೋಳದ ತೆನೆ! ಇನ್ನೊಂದು ನಮೂನೆಗೆ ಹಣಿಗೆ ಎನ್ನುತ್ತಾರೆ, ತಲೆ ಬಾಚುವ ಹಣಿಗೆಯೇ. ಅಂಚಿಗಂತೂ ಗೋಮಿ, ಚಿಕ್ಕಿ, ಗಾಡಿ ಎಂಬ ಹೆಸರುಗಳು. ಮದುಮಗಳ ಸೀರೆಯ ಬಣ್ಣಕ್ಕೆ ಗಿರಿ ಕುಂಕುಮ! ಹಣೆಯ ಬಣ್ಣವೇ ಮೈಮೇಲೆ ಇಳಿದ ಹಾಗೆ. ಮೇಕಪ್ ಮಾಡುವವರು ಉಡುಪಿಗೆ ಹೊಂದುವ ಬಣ್ಣ ಹುಡುಕಿ ತಲೆ ಕೆಡಿಸಿಕೊಳ್ಳುತ್ತಾರಲ್ಲ, ಇಲ್ಲಿ ಆ ಲೆಕ್ಕ ಮಗ್ಗದಲ್ಲೇ ಮುಗಿದಿದೆ!

ಸೀರೆಯ ಮೇಲೆ ಕಸೂತಿ ಇದೆಯೇ? ಹಾಗಿದ್ದರೆ ಮತ್ತೆ ಮಗುಚಿ!

ಗವಂಟಿ ಹೊಲಿಗೆ ನೋಡಿ. ಸೂಜಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಇಡುತ್ತಾ ಹೋಗುತ್ತದೆ. ಅದೇ ದಾರಿಯಲ್ಲಿ ವಾಪಸು ಬಂದು, ಬಿಟ್ಟ ಹೆಜ್ಜೆಗಳನ್ನು ತುಂಬುತ್ತದೆ. ಆದ್ದರಿಂದ ಮುಂದೆ ತೇರಿದ್ದರೆ ಹಿಂದೆಯೂ ತೇರು, ಕಲಶದವರೆಗೆ! ಮುರಗಿ ಹೊಲಿಗೆಯದೂ ಇದೇ ಆಟ. (ಮೆಂತೆ ಹೊಲಿಗೆ ಈ ಪಂಥಕ್ಕೆ ಸೇರಿದ್ದಲ್ಲ.) ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಎಳೆ ಎಣಿಸುವುದು, ಚುಚ್ಚುವುದು. ಒಂದೇ ಬಟ್ಟೆಯ ಮೇಲೆ 5,000 ಹೊಲಿಗೆಯಾದರೂ ಆಶ್ಚರ್ಯವಿಲ್ಲ. ಮತ್ತೊಂದು ಕಟ್ಟಳೆ ಕೇಳಿ: ಎಲ್ಲೂ ಗಂಟು ಹಾಕುವಂತಿಲ್ಲ!

ಇದನ್ನೆಲ್ಲ ತಿಳಿದ ಮೇಲೆ ಮನೆಯಲ್ಲಿ ಸುಮ್ಮನಿರಲಾದೀತೇ? ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆಯ ತಳದಲ್ಲಿ ಅಜ್ಜಿಯ ಚಂದ್ರಕಾಳಿ ಸೀರೆ. ಕಪ್ಪು ಒಡಲಿನ ತುಂಬ ಆನೆ, ಗಿಳಿ, ತುಳಸಿಕಟ್ಟೆ. “ಹಿಂದ ನೋಡು, ಆಮ್ಯಾಲೆ ಮುಂದ ನೋಡು” ಎನ್ನುತ್ತಿದ್ದಳು ಅಜ್ಜಿ, ಯಾರ ಕಸೂತಿ ಕಂಡರೂ. ಸೀರೆ ಮಗುಚಿದೆ. ಆನೆ ಸರಿಯಾಗಿತ್ತು. ತುಳಸಿಕಟ್ಟೆ ಸರಿಯಾಗಿತ್ತು. ಬೆರಳು ಒಂದು ಗಿಳಿಯ ಬಾಲದ ಹತ್ತಿರ ತಡೆಯಿತು.

ಗಂಟು!

ಸಾಸಿವೆಯಷ್ಟು. ಅಜ್ಜೀ, ಸಿಕ್ಕಿಬಿದ್ದೆಯಲ್ಲೇ!