ನಿಮಗಿದು ಗೊತ್ತೆ? ಡಾಕ್ಟರನ ಸಂಗಾತಿಗಳು ಯಾರು ಯಾರು?
ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿ 1963ರ ನವೆಂಬರ್ 23ರಂದು ಆರಂಭವಾಯಿತು. ಕಾಲಯಾನಿ ಡಾಕ್ಟರನ ಮೊದಲ ಸಂಗಾತಿಗಳು ಮೊಮ್ಮಗಳು ಸೂಸನ್ ಹಾಗೂ ಅವಳ ಶಾಲೆಯ ಶಿಕ್ಷಕರಾದ ಇಯಾನ್, ಬಾರ್ಬರಾ. ಸಂಗಾತಿ ಎನಿಸಿಕೊಳ್ಳಲು ಎಷ್ಟು ಕಾಲ ಜೊತೆಗಿರಬೇಕೆಂಬ ನಿಯಮವಿಲ್ಲ. ಅಭಿಮಾನಿಗಳ ವಾದ ಹುಟ್ಟುವುದೇ ಅಲ್ಲಿ. ಸಾರಾ ಕಿಂಗ್‌ಡಮ್ 1965-66ರ ಒಂದೇ ಕಥೆಯಲ್ಲಿ ಬಂದು ಅದರಲ್ಲೇ ಸಾಯುತ್ತಾಳೆ. ಹೀಗಾಗಿ ಕೆಲವರು ಅವಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಾಕ್ಟರನ ನೆರವಿಗೆ ನಿಂತು ಪ್ರಾಣ ತೆತ್ತವಳನ್ನು ಹೊರಗಿಡುವುದು ನ್ಯಾಯವಲ್ಲ. ಸೇನಾಧಿಕಾರಿ ಬ್ರಿಗೇಡಿಯರ್ ಲೆತ್‌ಬ್ರಿಡ್ಜ್-ಸ್ಟೀವರ್ಟ್ ಹೆಚ್ಚಾಗಿ ಭೂಮಿಯಲ್ಲೇ ನೆರವಾದವನು. ಕಾಲನೌಕೆ ಟಾರ್ಡಿಸ್‌ನಲ್ಲಿ ಪಯಣಿಸಿದ್ದು ಅಪರೂಪ. ಹಾಗಾಗಿ ಅವನ ಬಗ್ಗೆಯೂ ವಾದವಿದೆ. ಪತ್ರಕರ್ತೆ ಸಾರಾ ಜೇನ್ ಸ್ಮಿತ್ ಬಗ್ಗೆ ಮಾತ್ರ ತಕರಾರಿಲ್ಲ. 1973ರಲ್ಲಿ ಬಂದು 1976ರಲ್ಲಿ ಬೀಳ್ಕೊಂಡ ಅವಳು 2006ರಲ್ಲಿ ಮತ್ತೆ ಕಾಣಿಸಿಕೊಂಡಳು. 2007ರಲ್ಲಿ ಅವಳ ಹೆಸರಿನದೇ ಧಾರಾವಾಹಿ ಶುರುವಾಯಿತು.