ಕಾಟ್ಸ್‌ವೋಲ್ಡ್ ಗುಡ್ಡದ ಬಸವಣ್ಣಗಳು

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಮಾರ್ಟನ್-ಇನ್-ಮಾರ್ಷ್ ಎಂಬ ಪುಟ್ಟ ಪೇಟೆಯಿದೆ. ಅಲ್ಲಿಂದ ಎರಡು ಮೈಲಿ ಆಚೆ, ಕಾಟ್ಸ್‌ವೋಲ್ಡ್ ಗುಡ್ಡದ ಇಳಿಜಾರಿನಲ್ಲಿ, ಓಕ್ ಮರಗಳ ನಡುವೆ ತಾಮ್ರದ ಗುಮ್ಮಟವೊಂದು ಕಾಣುತ್ತದೆ. ಮಳೆ ಗಾಳಿಗೆ ತಾಮ್ರ ಹಸಿರುಗಟ್ಟಿದೆ. ಗುಮ್ಮಟದ ಕೆಳಗೆ ಛಜ್ಜಾ ಎಂಬ ಮುಂಚಾಚಿದ ಸೂರು, ಮೂಲೆಗಳಲ್ಲಿ ಪುಟ್ಟ ಮಂಟಪಗಳಂಥ ಛತ್ರಿಗಳು, ಕಿಟಕಿಗಳಿಗೆ ಬಳುಕಿನ ಕಮಾನು. ಕಲ್ಲಿನ ಬಣ್ಣ ಮಾಗಿದ ಬಂಗಾರ. ಆಗ್ರಾ, ದೆಹಲಿ ನೋಡಿಬಂದವರಿಗೆ ಪ್ರತಿಯೊಂದು ಅಂಗವೂ ಪರಿಚಿತ, ಒಟ್ಟು ರೂಪ ಮಾತ್ರ ಬೇರೆಲ್ಲೂ ಕಂಡಿರದಂಥದು. ಇದೇ ಸೀಜಿನ್‌ಕೋಟ್ ಬಂಗಲೆ.

ಮೂರನೇ ಜಾರ್ಜ್ ದೊರೆಗೆ ಚಿತ್ತಸ್ವಾಸ್ಥ್ಯ ಕೆಟ್ಟು, ಅವನ ಮಗ 1811ರಿಂದ 1820ರವರೆಗೆ ಪ್ರತಿನಿಧಿಯಾಗಿ ಆಳಿದ ಅವಧಿಯನ್ನು ಇಂಗ್ಲೆಂಡಿನವರು ರೀಜೆನ್ಸಿ ಕಾಲ ಎನ್ನುತ್ತಾರೆ. ಕಟ್ಟಡಗಳ ಮಾತು ಬಂದಾಗ ಈ ಹೆಸರು ಅದರ ಹಿಂದಿನ ಮುಂದಿನ ಕೆಲವು ದಶಕಗಳಿಗೂ ಹಬ್ಬುತ್ತದೆ. ಊರಾಚೆ ತೋಟದ ನಡುವೆ ಹಗುರಾದ, ಕಣ್ಣಿಗೆ ಹಿತವಾದ ಮನೆ ಕಟ್ಟಿಸುವ ಹುಚ್ಚು ಸಿರಿವಂತರಿಗೆ ಹಿಡಿದದ್ದು ಆಗಲೇ. ಹೆಚ್ಚಿನವರು ಗ್ರೀಸ್, ಇಟಲಿಗಳ ಮಾದರಿ ಹಿಡಿದರು. ಸೀಜಿನ್‌ಕೋಟ್‌ನವರು ಹಿಂದೂಸ್ಥಾನದ ಮಾದರಿ ಹಿಡಿದರು.

ಅದಕ್ಕೆ ಕಾರಣ ಹಣ ಬಂದ ದಾರಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಕರ್ನಲ್ ಜಾನ್ ಕಾಕರೆಲ್ 1795ರಲ್ಲಿ ಈ ಜಮೀನು ಕೊಂಡ. ಮೂರೇ ವರ್ಷಕ್ಕೆ ತೀರಿಕೊಂಡ. ಆಸ್ತಿ ತಮ್ಮ ಚಾರ್ಲ್ಸ್‌ನ ಕೈಗೆ ಬಂತು. ಚಾರ್ಲ್ಸ್ ಬಂಗಾಳದಲ್ಲಿ ಕಂಪನಿಯ ನೌಕರಿ ಮಾಡಿ, ಕಲ್ಕತ್ತೆಯ ವ್ಯಾಪಾರದಲ್ಲಿ ಗಳಿಸಿದವನು. ಇನ್ನೊಬ್ಬ ಸಹೋದರ ಸ್ಯಾಮ್ಯುಯಲ್ ಪೆಪಿಸ್ ಕಾಕರೆಲ್ ವಾಸ್ತುಶಿಲ್ಪಿ. ಹತ್ತಿರದ ಡೇಲ್ಸ್‌ಫರ್ಡ್‌ನಲ್ಲಿ, ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ಗೆ ಮನೆ ಕಟ್ಟಿಕೊಟ್ಟವನೂ ಇವನೇ. ಅಣ್ಣತಮ್ಮಂದಿರು ಸೇರಿ 1805ರ ಸುಮಾರಿಗೆ ಸೀಜಿನ್‌ಕೋಟ್‌ನ ಕೆಲಸ ಹಿಡಿದರು. ಕಂಪನಿಯ ಈ ಗಳಿಕೆಗೆ ಬಂಗಾಳ ತೆತ್ತ ಬೆಲೆಯನ್ನು ಮರೆತು ಈ ಮನೆಯನ್ನು ಬರಿಯ ಸೊಬಗಾಗಿ ನೋಡುವುದು ನನಗೆ ಸಾಧ್ಯವಿಲ್ಲ. ಸೊಬಗೇ ಇಲ್ಲವೆನ್ನುವುದೂ ನ್ಯಾಯವಲ್ಲ.

ವಾಸ್ತುಶಿಲ್ಪಿಗೆ ಭಾರತದ ಕಟ್ಟಡಗಳನ್ನು ಕಾಣಿಸಿದ ಕಣ್ಣು ಥಾಮಸ್ ಡೇನಿಯಲ್‌ದು. ಈ ಚಿತ್ರಕಾರ ಸಹೋದರನ ಮಗ ವಿಲಿಯಂ ಜೊತೆ 1786ರಲ್ಲಿ ಕಲ್ಕತ್ತೆಗೆ ಬಂದಿಳಿದು, ದೇಶ ಸುತ್ತಿ, 1794ರಲ್ಲಿ ಇಂಗ್ಲೆಂಡಿಗೆ ಮರಳಿದ. ಇವರಿಬ್ಬರ 'ಓರಿಯೆಂಟಲ್ ಸೀನರಿ' ಎಂಬ ಚಿತ್ರಸಂಪುಟ 1795ರಿಂದ 1808ರವರೆಗೆ ಕಂತುಕಂತಾಗಿ ಹೊರಬಂತು. ಅದರಲ್ಲಿ 144 ಚಿತ್ರಗಳಿವೆ. ನಮಗೂ ಇದರಲ್ಲಿ ಪಾಲುಂಟು. ಮೂರನೇ ಮೈಸೂರು ಯುದ್ಧ ಮುಗಿದ 1792ರಲ್ಲಿ ಡೇನಿಯಲ್‌ರು ಮದರಾಸಿನಿಂದ ಮೈಸೂರು ಸೀಮೆಗೆ ಬಂದಿದ್ದರು. ಆ ಸೀಮೆಯ ಚಿತ್ರವೂ ಆ ಸಂಪುಟಗಳಲ್ಲಿದೆ.

ಮನೆಯ ಹೊರಮೈ ಮೊಘಲರದು. ಒಳಗೆ ಕಾಲಿಟ್ಟರೆ ಮೆಟ್ಟಿಲು, ಕಂಬ, ಬೆಂಕಿಗೂಡು ಎಲ್ಲವೂ ಆ ಕಾಲದ ಇಂಗ್ಲಿಷರಿಗೆ ಒಗ್ಗಿದ ಗ್ರೀಕ್ ಧಾಟಿಯವು. ಛಜ್ಜಾ ಸುಡುಬಿಸಿಲಿಗೆ ನೆರಳು ಕೊಡಲು ಹುಟ್ಟಿದ್ದು; ಬಿಸಿಲಿಗೇ ಹಂಬಲಿಸುವ ನಾಡಿನಲ್ಲಿ ಅದಕ್ಕೆ ಆ ಕೆಲಸವಿಲ್ಲ. ಆದರೂ ಅದರ ನೆರಳುಪಟ್ಟಿ ಗೋಡೆಗೆ ಕೊಡುವ ಗಾಂಭೀರ್ಯವನ್ನು ವಾಸ್ತುಶಿಲ್ಪಿ ಕಾಕರೆಲ್ ಬಲ್ಲ. ಮನೆಯ ಒಂದು ಬದಿಯಿಂದ ಬಿಲ್ಲಿನಂತೆ ಬಾಗಿ ಹೊರಡುವ ಗಾಜಿನ ಮೊಗಸಾಲೆ ಈ ಕಟ್ಟಡದ ಅತ್ಯಂತ ಚೆಲುವಾದ ಭಾಗ. ಚಳಿಗೆ ತಾಳದ ಕಿತ್ತಳೆ ಗಿಡಗಳನ್ನು ಇಡಲೆಂದು ಕಟ್ಟುತ್ತಿದ್ದಂಥ ಮೊಗಸಾಲೆಯದು. ಅಲ್ಲಿ ಕಮಾನಿನ ಹಿಂದೆ ಕಮಾನು ಸಾಲುಗಟ್ಟಿ ಬೆಳಕನ್ನು ಒಳಗೆ ತರುತ್ತದೆ.

ತೋಟಕ್ಕೆ ಬಂದರೆ ಕಥೆ ಮೊಘಲರಿಂದ ಹಿಂದೂ ಗುಡಿಗಳ ಕಡೆ ಹೊರಳುತ್ತದೆ. ಇಲ್ಲಿನ ವಿನ್ಯಾಸದಲ್ಲಿ ಡೇನಿಯಲ್‌ನ ಕೈ ನೇರವಾಗಿಯೇ ಇದೆ. ಒಂದು ತೊರೆ ಮೇಲಿನಿಂದ ಕೆಳಕ್ಕೆ ಕೊಳದಿಂದ ಕೊಳಕ್ಕೆ ಇಳಿಯುತ್ತದೆ. ಮೇಲಿನ ಕೊಳದ ಬಳಿ ಸೂರ್ಯನ ಗುಡಿ. ಇನ್ನೊಂದರಲ್ಲಿ ಮೂರು ಹೆಡೆಯ ಹಾವಿನ ಕಾರಂಜಿ. ಮನೆಗೆ ಹೋಗುವ ದಾರಿ ತೊರೆಯನ್ನು ದಾಟುವಲ್ಲಿ ಸೇತುವೆಯಿದೆ. ಅದರ ಗಿಡ್ಡ ಕಂಬಗಳಿಗೆ ಎಲಿಫೆಂಟಾ ಗುಹೆಯ ಕಂಬಗಳೇ ಮಾದರಿ. ಸೇತುವೆಯ ಮೇಲೆ ಕಾಲು ಮಡಚಿ ಕೂತ ಬಸವಣ್ಣಗಳು. ಇವನ್ನು ಎಲ್ಲಿಡಬೇಕೆಂಬ ಚರ್ಚೆ ಎದ್ದಾಗ, ದೇವಶಿಲ್ಪಿ ವಿಶ್ವಕರ್ಮನೇ ಬಂದು ನೋಡಿದರೂ ಬಸವ ಇರುವಲ್ಲೇ ಇರಲಿ ಎಂದಾನು ಎಂಬರ್ಥದಲ್ಲಿ ಡೇನಿಯಲ್ ಪತ್ರ ಬರೆದ. ಶಿವನಿಲ್ಲದೆ ಸೇತುವೆ ಕಾಯುವ ನಂದಿ ನಮಗೆ ವಿಚಿತ್ರವೆನಿಸಬಹುದು. ಆದರೆ ಆ ಚಿತ್ರಕಾರನಿಗೆ ತಾನು ಕಂಡ ನಾಡಿನ ಮೇಲಿದ್ದ ಪ್ರೀತಿ ಸಾಚಾ ಎಂಬುದು ಆ ಕೆತ್ತನೆಯ ಗತ್ತಿನಲ್ಲೇ ತಿಳಿಯುತ್ತದೆ.

1807ರಲ್ಲಿ ಇಲ್ಲಿಗೆ ಬಂದ ಅತಿಥಿಗಳಲ್ಲಿ ಮುಂದೆ ಪ್ರತಿನಿಧಿಯಾಗಿ ಆಳಿ ನಾಲ್ಕನೇ ಜಾರ್ಜ್ ಆದ ರಾಜಕುಮಾರನೂ ಒಬ್ಬ. ಸೀಜಿನ್‌ಕೋಟ್ ತೋಟಕ್ಕೆ ಸಲಹೆ ಕೊಟ್ಟಿದ್ದ ಹಂಫ್ರಿ ರೆಪ್ಟನ್ ಬ್ರೈಟನ್‌ನಲ್ಲಿದ್ದ ಆ ರಾಜಕುಮಾರನ ಅರಮನೆಗೂ ಹಿಂದೂಸ್ಥಾನಿ ಶೈಲಿಯ ನಕ್ಷೆ ಬರೆದುಕೊಟ್ಟ. ಆ ನಕ್ಷೆ ಕೂಡಿಬರಲಿಲ್ಲ. ಕೊನೆಗೆ 1815ರಿಂದ ವಾಸ್ತುಶಿಲ್ಪಿ ಜಾನ್ ನ್ಯಾಶ್ ಅಲ್ಲಿ ಗುಮ್ಮಟಗಳ ಕಾಡನ್ನೇ ಎಬ್ಬಿಸಿದ. ಬ್ರೈಟನ್‌ಗೆ ಹೆಸರು ಬಂತು. ಹದ, ಮಿತಿ ಎರಡರಲ್ಲೂ ಸೀಜಿನ್‌ಕೋಟ್ ಒಂದು ಕೈ ಮೇಲು ಎಂಬುದು ನನ್ನ ತೀರ್ಮಾನ.

ಆಮೇಲೆ ಮನೆ ಕೈಯಿಂದ ಕೈಗೆ ದಾಟಿತು. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1944ರಲ್ಲಿ ಕ್ಲೈನ್‌ವರ್ಟ್ ದಂಪತಿ ಇದನ್ನು ಕೊಂಡು, ಕಟ್ಟಡವನ್ನೂ ಪಾಳುಬೀಳುತ್ತಿದ್ದ ತೋಟವನ್ನೂ ಚೇತರಿಸಿದರು. ಭಾರತಕ್ಕೆ ಬಂದುಹೋದ ಮೇಲೆ ಅವರು ಮನೆಯ ದಕ್ಷಿಣಕ್ಕೆ ಮೊಘಲ್ ಮಾದರಿಯ ಕಾಲುವೆ ತೋಟವನ್ನೂ ಮಾಡಿಸಿದರು. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಮೊದಲನೇ ದರ್ಜೆ. ಆ ಪಟ್ಟಿಯ ನೂರು ಕಟ್ಟಡಗಳಲ್ಲಿ ಎರಡು ಮೂರಕ್ಕಷ್ಟೇ ಸಿಗುವ ಸ್ಥಾನವದು. ಒಳಗಾಗಲಿ ಹೊರಗಾಗಲಿ ಇದರ ಸ್ವರೂಪ ಬದಲಾಗುವ ಕೆಲಸಕ್ಕೆ ಮಾಲೀಕರೂ ಅನುಮತಿ ಪಡೆಯಬೇಕು.

ಮಗನ ಮನೆಗೋ ಮಗಳ ಮನೆಗೋ ಎಂದು ಲಂಡನ್ನಿಗೆ ಹೋಗುವವರು ಒಂದು ದಿನ ಇದಕ್ಕೆ ಮೀಸಲಿಡಿ. ಪ್ಯಾಡಿಂಗ್ಟನ್ ನಿಲ್ದಾಣದಿಂದ ಮಾರ್ಟನ್-ಇನ್-ಮಾರ್ಷ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಖಾಸಗಿ ಮನೆಯಾದ್ದರಿಂದ ವರ್ಷದ ಎಲ್ಲ ದಿನ ತೆರೆದಿರುವುದಿಲ್ಲ. ಮೊದಲೇ ವಿಚಾರಿಸಿಕೊಂಡು ಹೊರಡಿ.